ಎದುರು ಮನೆಯ ಗಾಳಿ ಮಿಷನ್ನು

ನಮ್ಮ ಬೀದಿಯಲ್ಲಿ ನಗುವಂಥದ್ದು ಏನೂ ನಡೆಯದ ದಿನ ಅಂತ ಒಂದಿದ್ದರೆ, ಅವತ್ತು ನಾನು ಊರಲ್ಲಿರಲಿಲ್ಲ ಅಂತ ಅರ್ಥ. ಮಿಕ್ಕವರ ಮನೆ ಸುದ್ದಿಯನ್ನ ನಾನೇ ಹುಡುಕಿಕೊಂಡು ಹೋಗಬೇಕಿತ್ತು. ಎದುರು ಮನೆ ಫಿಟ್ಟರಪ್ಪನ ಸುದ್ದಿ ಮಾತ್ರ ತಾನೇ ರಸ್ತೆ ದಾಟಿ ನಮ್ಮ ಜಗುಲಿಗೆ ಬಂದು ಕೂರೋದು. ಆತ ಮಂಡ್ಯದ ಒಂದು ಅಕ್ಕಿ ಗಿರಣಿಯಲ್ಲಿ ಮಿಷನ್ನು ರಿಪೇರಿ ಮಾಡೋನು. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಒಬ್ಬಳೇ ಮಗಳು, ಇಷ್ಟೇ ಜನ. ಗದ್ದಲ ಮಾತ್ರ ಒಂದು ಛತ್ರದಷ್ಟು. ಎಲ್ಲಕ್ಕೂ ಕಾರಣ ಒಂದು ಹಳೇ ಗಾಳಿ ಮಿಷನ್ನು. ಕಂಪ್ರೆಸರ್ ಅಂತ ಅದರ ಹೆಸರಂತೆ. ಗಾಳಿಯನ್ನ ಟ್ಯಾಂಕಿಗೆ ಒತ್ತಿ ಒತ್ತಿ ತುಂಬಿ, ಬೇಕಾದಾಗ ಪೈಪಿನಿಂದ ಬಿಡೋದು. ಎಪ್ಪತ್ತೈದು ಎಪ್ಪತ್ತಾರನೇ ಇಸವಿಯ ಮಾತು, ಕರೆಂಟು ತನಗೆ ಇಷ್ಟ ಬಂದಾಗ ಬರುತ್ತಿದ್ದ ಕಾಲ.

ಬಿಳೀ ಪಂಚೆ ಹೊದ್ದು ಬಂದದ್ದು

ಒಂದು ಮಧ್ಯಾಹ್ನ ಎತ್ತಿನ ಗಾಡಿಯೊಂದು ನಮ್ಮ ಬೀದಿಗೆ ತಿರುಗಿತು. ಮೇಲೆ ಉದ್ದಕ್ಕೆ ಏನೋ ಮಲಗಿಸಿ, ಬಿಳೀ ಪಂಚೆ ಹೊದಿಸಿ, ಹಗ್ಗದಲ್ಲಿ ಕಟ್ಟಿದ್ದರು. ಪಕ್ಕದಲ್ಲಿ ಫಿಟ್ಟರಪ್ಪ ತಲೆ ಮೇಲೆ ಟವಲು ಹಾಕಿಕೊಂಡು, ಮುಖ ಇಳಿಬಿಟ್ಟು ನಡೆದು ಬರುತ್ತಿದ್ದ. ಬೆಳಿಗ್ಗೆ ಆತ ಮಳವಳ್ಳಿಗೆ ಹೋಗಿದ್ದು ಬೀದಿಗೆಲ್ಲ ಗೊತ್ತು. ಆತನ ವಯಸ್ಸಾದ ತಾಯಿ ಇದ್ದದ್ದೂ ಮಳವಳ್ಳಿಯಲ್ಲೇ.

ಹೆಂಡತಿ ಕೈಲಿದ್ದ ಮೊರ ಎಸೆದು ಓಡಿಬಂದಳು. "ಅಯ್ಯೋ ನನ್ನತ್ತೆಮ್ಮೋ, ನನ್ನ ಬುಟ್ಟು ಓದ್ಯಾ! ಮಗಳಂಗೆ ನೋಡ್ಕತಿದ್ದೆಯಲ್ಲವ್ವೋ!" ಅಂತ ಎದೆ ಬಡಿದುಕೊಂಡಳು. ಯುಗಾದಿಯಲ್ಲಿ ಒಬ್ಬಟ್ಟಿನ ಹೂರಣಕ್ಕೆ ಜಗಳ ಆಡಿದ ಮೇಲೆ ಅತ್ತೆ ಸೊಸೆ ಮುಖಕ್ಕೆ ಮುಖ ಕೊಟ್ಟಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತು. ಆದರೂ ಅಳೋರ ಜೊತೆ ಅಳದೇ ಇದ್ದರೆ ಆದೀತೇ? ಸೆರಗು ಬಾಯಿಗೆ ಕೊಟ್ಟು ನಾವೂ ಶುರು ಮಾಡಿದೆವು.

ಫಿಟ್ಟರಪ್ಪ ಗಾಬರಿ ಬಿದ್ದ. "ಯಾರ್ ಸತ್ತೋದ್ರು?" ಅಂತ ನಮ್ಮನ್ನೇ ಕೇಳಿದ. ಆಮೇಲೆ ಪಂಚೆ ತೆಗೆದ. ಒಳಗೆ ತುಕ್ಕು ಹಿಡಿದ ಒಂದು ಟ್ಯಾಂಕಿ, ಅದರ ಮೇಲೆ ಕಬ್ಬಿಣದ ಗಂಟು.

"ಬಿಳೀ ದೊರೆಗಳ ಕಾಲದ್ದು ಕಣೆ! ಗುಜರಿಯೋನು ಒಡೆದಾಕ್ತಿದ್ದ, ಜೀವ ಉಳಿಸ್ಕಂಡ್ ಬಂದೆ. ಅವ್ವ ಗುಂಡ್ಕಲ್ಲಂಗವ್ಳೆ, ಮುಂದಿನ ವಾರ ಬತ್ತಾಳಂತೆ, ತಿಂಗ್ಳು ಇರ್ತಾಳಂತೆ."

ಅಲ್ಲೀವರೆಗೆ ಒಣಗಿಕೊಂಡಿದ್ದ ಆ ಹೆಂಗಸಿನ ಕಣ್ಣಲ್ಲಿ ಆಗ ಬಂತು ನೋಡಿ ನೀರು.

ಸಾರಿನಲ್ಲಿ ಸಿಕ್ಕಿದ್ದು

ಮಿಷನ್ನಿಗೆ ಜೀವ ಬರಿಸೋ ಕೆಲಸ ಹಿತ್ತಿಲಲ್ಲಿ ಶುರುವಾಯಿತು. ಗಿರಣಿಯಿಂದ ಬಂದವನೇ ಕಾಲು ಕೂಡ ತೊಳೆಯದೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂರೋನು. ಒಂದೊಂದೇ ಭಾಗ ಬಿಚ್ಚೋದು, ಸೀಮೆಎಣ್ಣೆಯಲ್ಲಿ ನೆನೆ ಹಾಕೋದು, ಉಪ್ಪುಕಾಗದದಲ್ಲಿ ಉಜ್ಜೋದು. ನೆನೆ ಹಾಕೋಕೆ ಪಾತ್ರೆ ಬೇಡವೇ? ಮೊದಲು ಹಳೇ ಡಬ್ಬ ಹೋಯಿತು, ಆಮೇಲೆ ಹಿಟ್ಟಿನ ಬೇಸಿನ್ನು, ಆಮೇಲೆ ಅಡುಗೆ ಮನೆಯ ಒಂದೊಂದೇ ಪಾತ್ರೆ ಹಿತ್ತಿಲಿಗೆ ನಡೆದವು. ರೇಷನ್ನಿನ ಸೀಮೆಎಣ್ಣೆಯೆಲ್ಲ ಪಿಸ್ಟನ್ನು ಕುಡಿಯಿತು. ಸ್ಟವ್ವಿಗೆ ಬೇಕು ಅಂತ ಹೆಂಡತಿ ನಮ್ಮ ಮನೆಗೆ ಬಟ್ಟಲು ಹಿಡಿದು ಬರೋಳು.

ಒಂದು ದಿನ ಆಕೆಗೆ ರೇಗಿಹೋಯಿತು. ನನ್ನ ಮುಂದೆಯೇ ಹೇಳಿಬಿಟ್ಟಳು. "ಎದೆಯೆತ್ರ ಬೆಳೆದ ಮಗಳವ್ಳೆ ಮನೇಲಿ. ನಾಳೆ ಗಂಡಿನ ಕಡೆಯೋರು ಬತ್ತಾರೆ, ಓಯ್ತಾರೆ. ಈ ದರಿದ್ರದ್ದು ಆ ಹುಡ್ಗೀ ಮದ್ವೆಗೆ ಅಡ್ಡ ಬಂತೋ, ಬಂದ ಗಾಡೀಲೇ ವಾಪಸ್ ಗುಜರಿಗೆ ಕಳಿಸ್ತೀನಿ. ಅಕ್ಕನೇ ಸಾಕ್ಷಿ."

"ಆಗ್ಲಿ ಬುಡು," ಅಂದ ಆತ. ಗುಜರಿ ಅನ್ನೋ ಮಾತಿಗೆ ಮಾತ್ರ ಮುಖದ ಬಣ್ಣ ಇಳಿದುಹೋಯಿತು.

ಅವತ್ತೇ ಊಟಕ್ಕೆ ಕೂತಾಗ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೋನು ಕಟುಂ ಅಂತ ಏನೋ ಕಚ್ಚಿದ. ಹೆಂಡತಿ ಕಲ್ಲು ಅಂದುಕೊಂಡು ಹೆದರಿದಳು. ಆತ ಬಾಯಿಂದ ತೆಗೆದು ದೀಪಕ್ಕೆ ಹಿಡಿದು ನೋಡಿದ. ಮಿಷನ್ನಿನ ಒಂದು ತಾಮ್ರದ ವಾಷರು! ಕುಣಿಯೋದೊಂದು ಬಾಕಿ.

"ಇದ್ನೇ ಕಣೆ ನಾನು ಉಡುಕ್ತಿದ್ದದ್ದು! ಉಣಸೆಹುಳೀಲಿ ಬೆಂದು ಎಂಗ್ ಒಳೀತದೆ ನೋಡು! ಪಾತ್ರೇಲಿ ಇನ್ನೊಂದೈತಾ, ಒಸಿ ಕಲಕು!"

ಸಾರು ಹೇಗಿತ್ತು ಅಂತ ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ಬಸರಾಳಿನ ಗಂಡು

ಮಿಷನ್ನು ಉಸಿರಾಡೋಕೆ ಶುರು ಮಾಡಿದ ತಿಂಗಳಲ್ಲೇ ಬಸರಾಳಿನ ಕಡೆಯಿಂದ ಹೆಣ್ಣು ನೋಡೋಕೆ ಬಂದರು. ಹುಡುಗ ದಪ್ಪಕ್ಕೆ, ಗುಂಡಗಿದ್ದ. ಬಂದಾಗಿನಿಂದ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ಹುಡುಗಿಗೆ ಕೇಳಿದ ಪ್ರಶ್ನೆ ಒಂದೇ, "ಉಪ್ಪಿಟ್ಟು ಇನ್ನೂ ಐತಾ?"

ಹುಡುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ ಬುಸ್ಸ್ ಅಂತ ಸದ್ದು. ಸಣ್ಣ ಸದ್ದಲ್ಲ, ಹೆಡೆ ಎತ್ತಿದ ಹಾವು ಕಿವಿಯ ಹತ್ತಿರವೇ ಬಂದ ಹಾಗೆ. ಹುಡುಗನ ಸೋದರಮಾವ "ನಾಗ್ರ ಕಣ್ರೋ!" ಅಂತ ಕೂಗಿ ರಾಗಿ ಮೂಟೆ ಮೇಲೆ ಹತ್ತಿ ನಿಂತ. ಹುಡುಗ ತಟ್ಟೆ ಸಮೇತ ರಸ್ತೆಗೆ ಓಡಿದ. ಫಿಟ್ಟರಪ್ಪ "ಆವಲ್ಲ, ಗಾಳಿ, ಗಾಳಿ!" ಅಂತ ಅರಚಿಕೊಂಡು ಹಿಂದೆ ಓಡಿದ. ಗಾಳಿ ಸೋಕಿದ ಮನೆ ಅಂತ ಅವರು ಇನ್ನೂ ಜೋರಾಗಿ ಓಡಿದರು.

ತಟ್ಟೆ ಕೂಡ ವಾಪಸು ಬರಲಿಲ್ಲ.

ಟ್ಯಾಂಕಿಯಲ್ಲಿ ಗಾಳಿ ಮಿತಿಮೀರಿ ಸಿಡಿಯದ ಹಾಗೆ ಅದಕ್ಕೊಂದು ಬಿರಡೆ, ಬಿರಡೆಗೊಂದು ಉಂಗುರ ಇರ್ತದೆ. ಎಳೆದರೆ ಗಾಳಿ ಬುಸ್ ಅಂತ ಹೊರಗೆ ಬರ್ತದೆ. ಅದು ತಾನಾಗಿ ತೆರೆದುಕೊಂಡಿತು ಅಂದುಕೊಂಡು ಗಂಡ ಹೆಂಡತಿ ಜಗಳಾಡಿದರು. ಗುಜರಿಯ ಮಾತು ಮತ್ತೆ ಎದ್ದಿತು. ಆತ ಕೈ ಮುಗಿದು ಇನ್ನೊಂದು ಸಲ ನೋಡೋಣ ಅಂತ ಬೇಡಿಕೊಂಡ. ಅವರ ಹಿತ್ತಿಲು ಕಾಣೋ ನಮ್ಮ ಅಟ್ಟದ ಕಿಟಕಿಯಿಂದ ನಾನು ನೋಡಿದ್ದೇ ಬೇರೆ. ಉಂಗುರದಲ್ಲಿ ಹಸಿರು ಬಳೆಯ ಕೈಯೊಂದಿತ್ತು.

ಮಾರನೇ ದಿನ ಹುಡುಗಿಯನ್ನ ನೀರಿನ ನಲ್ಲಿ ಹತ್ತಿರ ಹಿಡಿದು ಕೇಳಿದೆ. ತಲೆ ಬಗ್ಗಿಸಿ ಬಿಂದಿಗೆ ತೊಳೆಯುತ್ತ ಅಂದಳು, "ಆ ಮಿಷನ್ನಿಗೆ ಯಾರು ಸರಿ, ಯಾರು ಸರಿಯಿಲ್ಲ ಅಂತ ಗೊತ್ತಾಯ್ತದೆ ಕಣತ್ತೆ."

ಎರಡನೇ ಕೋಟು

ಆಮೇಲೆ ಫಿಟ್ಟರಪ್ಪ ಗಾಳಿಯಲ್ಲಿ ಬಣ್ಣ ಹೊಡೆಯೋ ಪಿಸ್ತೂಲು ಅಂತ ಒಂದು ತಂದ. ಅದರ ಬಟ್ಟಲಿಗೆ ಬಣ್ಣ ಹಾಕಿ ಒತ್ತಿದರೆ ಮಂಜಿನ ಹಾಗೆ ಬಣ್ಣ ಬರೋದು. ಮೊದಲು ಟ್ರಂಕಿಗೆ ಹೊಡೆದ, ಆಮೇಲೆ ಮಂಚಕ್ಕೆ, ಆಮೇಲೆ ಬಾಗಿಲಿಗೆ. ಎಲ್ಲಾ ಗಿಳಿ ಹಸಿರು. ಮನೆ ಒಳಗೆ ಹೋದರೆ ಬಾಳೆ ತೋಟಕ್ಕೆ ನುಗ್ಗಿದ ಹಾಗಿತ್ತು.

ಪಕ್ಕದ ಮನೆಯೋನು ಕುರಿಗೆ ಹೆಸರಾದ ಬಂಡೂರಿನಿಂದ ಒಂದು ಕುರಿ ತಂದು ಬೇಲಿ ಆಚೆ ಕಟ್ಟಿದ್ದ. ಬೆಣ್ಣೆ ಬಣ್ಣದ ಕುರಿ. ಅದರ ಗತ್ತು ಹೇಳಬೇಕೇ, ಹೆಂಡತಿಗಿಂತ ಹೆಚ್ಚಾಗಿ ಅದಕ್ಕೇ ಎಣ್ಣೆ ನೀರು ನಡೆಯೋದು. ಒಂದು ಭಾನುವಾರ ಗಾಳಿ ಆ ಕಡೆಗೆ ಬೀಸಿತು. ಫಿಟ್ಟರಪ್ಪ ಕುರ್ಚಿಗೆ ಬಣ್ಣ ಹೊಡೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕುರಿಯ ಒಂದು ಮಗ್ಗುಲು ಗಿಳಿಯ ಹಾಗಾಗಿತ್ತು.

ಪಕ್ಕದ ಮನೆಯೋನು ಕುರಿ ಎಳೆದುಕೊಂಡೇ ಬಂದ. "ಲೇ ಫಿಟ್ಟರಾ, ಬಾರ್ಲಾ ಈಚೆಗೆ! ಏನ್ಲಾ ಇದು? ನಮ್ ನೆಂಟ್ರಿಗೆ ಏನಂತ ಏಳ್ಲಿ? ಕುರಿನಾ, ಗಿಡನಾ?"

ಬೀದಿಗೆ ಬೀದಿಯೇ ಸೇರಿತು. ಹೊಡೆದಾಟ ಆಗ್ತದೆ ಅಂತ ನಾನು ಒಲೆ ಮೇಲಿನ ಹಾಲು ಕೂಡ ಇಳಿಸದೆ ಬಂದಿದ್ದೆ. ಫಿಟ್ಟರಪ್ಪ ಕುರಿಯ ಮುಂದೆ ಕೂತ, ಉಣ್ಣೆ ಸವರಿ ನೋಡಿದ, ಕಣ್ಣು ಕಿರಿದು ಮಾಡಿ ಇನ್ನೊಂದು ಕಡೆಯಿಂದಲೂ ನೋಡಿದ. ಆಮೇಲೆ ಎದ್ದು ಹೇಳಿದ:

"ಒಳ್ಳೆ ಇಡ್ಕಂಡೈತೆ ಬುಡಣ್ಣ. ಎರಡ್ನೇ ಕೋಟು ಕೊಟ್ರೆ ಸರ್ಯಾಯ್ತದೆ."

ಗೊಂಬೆಗಳು ಕುಣಿದದ್ದು

ದಸರಾ ಬಂತು. ಮದ್ದೂರಿನಲ್ಲಿ ಸೈಕಲ್ ಷಾಪು ಇಟ್ಟಿದ್ದ ಒಬ್ಬ ಹುಡುಗ ವಿಜಯದಶಮಿಯ ದಿನ ಹೆಣ್ಣು ನೋಡೋಕೆ ಬರ್ತಾನೆ ಅಂತ ದಲ್ಲಾಳಿ ಹೇಳಿ ಕಳಿಸಿದ. "ಇದೇ ಕೊನೆ," ಅಂದಳು ಹೆಂಡತಿ. "ಇವ್ರೂ ಓಡೋದ್ರೆ ಸಾಯಂಕಾಲ್ಕೇ ಗಾಡಿ ಕರೆಸ್ತೀನಿ."

ಹಿಂದಿನ ದಿನ ಆಯುಧ ಪೂಜೆ. ಮಳೆ ಅಂತ ಮಿಷನ್ನನ್ನ ನಡುಮನೆಗೆ ತಂದು ಪೂಜೆ ಮಾಡಿದ್ದರು. ನಮ್ಮ ಕಡೆ ಕತ್ತಿ, ಕುಡುಗೋಲು, ಸೈಕಲ್ಲು ಎಲ್ಲಕ್ಕೂ ಕುಂಕುಮ ಇಡ್ತೀವಿ, ನಿಂಬೆಹಣ್ಣು ಇಡ್ತೀವಿ. ಆ ಮಹರಾಯಿತಿ ಯೋಚನೆ ಮಾಡಿದಳು: ಕತ್ತಿಗೆ ಬಾಯಿ ಮುಖ್ಯ, ಅದಕ್ಕೇ ಬಾಯಿಗೆ ಕುಂಕುಮ. ಇದಕ್ಕೆ ಪೈಪಿನ ಬಾಯಿ ತಾನೇ ಮುಖ್ಯ? ಪೈಪಿನ ಒಳಕ್ಕೆ ಹಿಡಿ ಕುಂಕುಮ ಸುರಿದು, ಚೆಲ್ಲದ ಹಾಗೆ ಒಂದು ಪುಟ್ಟ ನಿಂಬೆಹಣ್ಣು ಗಿಡಿದಳು. ಪೂಜೆ ಮಾಡಿದ್ದನ್ನ ಕದಲಿಸಬಾರದು ಅಂತ ಅಲ್ಲೇ ಬಿಟ್ಟರು. ಗಂಡಿನ ಕಡೆಯೋರ ಕಣ್ಣಿಗೆ ಬೀಳದಿರಲಿ ಅಂತ ಮೇಲೆ ತನ್ನ ರೇಷ್ಮೆ ಸೀರೆ ಹೊದಿಸಿ, ಹಲಗೆ ಇಟ್ಟು, ಅದರ ಮೇಲೆ ದಸರಾ ಗೊಂಬೆ ಕೂರಿಸಿದಳು. ವಿಜಯದಶಮಿ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಆದರೂ ಯಾವುದಕ್ಕೂ ಇರಲಿ ಅಂತ ಮಿಷನ್ನಿನ ಸ್ವಿಚ್ಚು ಒತ್ತಿ ಆರಿಸಿದಳು. ಕರೆಂಟಿಲ್ಲದಾಗ ಒತ್ತಿದ ಸ್ವಿಚ್ಚು ಆರಿತೋ ಹತ್ತಿತೋ ಯಾರಿಗೆ ಗೊತ್ತು?

ಹುಡುಗ ಬಂದ, ಅವನ ತಾಯಿ ಬಂದಳು. ದಲ್ಲಾಳಿ ಕಾಫಿ ಲೋಟ ಎತ್ತಿ, "ಬಲು ಸದ್ದುಗದ್ದಲ ಇಲ್ದ ಮನೆ ಕಣವ್ವ," ಅಂದ. ಹುಡುಗಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಕರೆಂಟೂ ಬಂತು.

ಡಗ ಡಗ ಡಗ! ಗೊಂಬೆ ರಾಜ, ಗೊಂಬೆ ರಾಣಿ ಕುಣಿದು ಕುಣಿದು ಒಬ್ಬರ ಮೇಲೊಬ್ಬರು ಬಿದ್ದರು. ಸೀರೆ ಒಳಗೆ ಯಾವುದೋ ಪ್ರಾಣಿ ಎದ್ದ ಹಾಗಾಯಿತು. ಆಮೇಲೆ ಢಂ ಅಂತ ನಿಂಬೆಹಣ್ಣು ಹಾರಿ ದಲ್ಲಾಳಿಯ ಲೋಟಕ್ಕೆ ಬಡಿಯಿತು. ಹಿಂದೆಯೇ ಕುಂಕುಮ, ನಡುಮನೆ ತುಂಬ ಕೆಂಪು ಮೋಡ. ದಲ್ಲಾಳಿ ಮೈಮೇಲೆ ಕಾಫಿ, ಅದರ ಮೇಲೆ ಕುಂಕುಮ.

ಹುಡುಗ ಕಣ್ಣು ಒರೆಸಿಕೊಂಡು ಎದ್ದ. ಓಡಿದ ಅಂತಲೇ ಅಂದುಕೊಂಡೆ. ಓಡಲಿಲ್ಲ. ಸೀರೆ ಸರಿಸಿ ಮಿಷನ್ನಿಗೆ ಕಿವಿ ಕೊಟ್ಟು ಕೂತ.

"ಎಷ್ಟು ನುಣ್ಣಗೆ ಓಡ್ತದೆ! ಎಲ್ಲೂ ಬಡ್ಕತಾ ಇಲ್ಲ! ಯಾರು ಮಾವ ಇದ್ನ ಮಾಡ್ದೋರು?"

ಬಾಗಿಲ ಹಿಂದೆ ಅವಿತಿದ್ದ ಫಿಟ್ಟರಪ್ಪ ಎದೆ ಉಬ್ಬಿಸಿಕೊಂಡು ಬಂದ. ಇಬ್ಬರೂ ನೆಲಕ್ಕೆ ಕೂತು ಪಿಸ್ಟನ್ನು, ಬೆಲ್ಟು ಅಂತ ಶುರು ಮಾಡಿದರು. ಹೆಣ್ಣು ಕೆಂಪು ಮುಖ ಹೊತ್ತು ತಟ್ಟೆ ಹಿಡಿದು ನಿಂತೇ ಇದ್ದಳು, ನೋಡೋರಿಲ್ಲ. ಹುಡುಗನ ತಾಯಿಯೇ ಕೊನೆಗೆ, "ಇಬ್ರ ಅಣೆಗೂ ಒಟ್ಟಿಗೇ ಕುಂಕುಮ ಬಿತ್ತಲ್ಲ ಕಣವ್ವ, ಇನ್ಯಾವ ಶಾಸ್ತ್ರ ಬೇಕು?" ಅಂದಳು.

ಮಿಷನ್ನು ಉಳಿಯಿತು ಅಂತ ಫಿಟ್ಟರಪ್ಪನ ಮುಖ ಅರಳಿತು. ಆಗ ಹುಡುಗ ಅಂದ, "ವಾಚು, ಉಂಗ್ರ ಏನೂ ಬ್ಯಾಡ ಮಾವ. ನಮ್ ಷಾಪಿಗೆ ಇದೊಂದ್ ಕೊಟ್ಬುಡಿ."

"ತಗಂಡ್ ಓಗಪ್ಪಾ!" ಅಂದಳು ಹೆಂಡತಿ, ಗಂಡ ಬಾಯಿ ತೆರೆಯೋಕೆ ಮೊದಲೇ.

ಫಿಟ್ಟರಪ್ಪ ಕಂಬ ಹಿಡಿದುಕೊಂಡ. ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದ, "ನೋಡವ್ವ, ನಿಂಗೆ ಈ ಗಂಡು ಇಷ್ಟವಾ? ಬಲವಂತ ಇಲ್ಲ. ಒಲ್ಲೆ ಅಂದ್ರೆ ಈಗ್ಲೇ ಏಳ್ಬುಡು, ಎದ್ರಬ್ಯಾಡ."

ಮಗಳು ಮಿಷನ್ನಿನ ಬಿರಡೆ ಉಂಗುರದ ಹತ್ತಿರ ಕೂಡ ಸುಳಿಯಲಿಲ್ಲ. "ಒಪ್ಗೆ ಕಣಪ್ಪ," ಅಂದಳು.

ಹೆಣ್ಣಿನ ಮನಸ್ಸು ಕೇಳಿದ ಅಪ್ಪ ನಮ್ಮ ಬೀದಿಯಲ್ಲಿ ಅವನೊಬ್ಬನೇ ಅಂತ ಜನ ಆಮೇಲೆ ಬಹಳ ದಿನ ಹೊಗಳಿದರು. ಯಾಕೆ ಕೇಳಿದ ಅಂತ ಗೊತ್ತಿದ್ದು ನಾನೊಬ್ಬಳೇ ನಗುತ್ತಿದ್ದೆ.

ಒಪ್ಪಿಸಿ ಕೊಟ್ಟದ್ದು

ಮದುವೆ ಆಯಿತು. ಹೆಣ್ಣು ಕಳಿಸೋ ದಿನ ಮದ್ದೂರಿಗೆ ಹೋಗೋ ಲಾರಿ ಬಾಗಿಲಿಗೆ ಬಂತು. ಹಿಂದುಗಡೆ ಮಂಚ, ಟ್ರಂಕು, ಪಾತ್ರೆ, ನಡುವೆ ಗಾಳಿ ಮಿಷನ್ನು, ಹೂವಿನ ಹಾರ ಹಾಕಿಕೊಂಡು. ಮುಂದೆ ಡ್ರೈವರ ಪಕ್ಕದಲ್ಲಿ ಮದುಮಗಳು. ನಾವೆಲ್ಲ ಸೆರಗು ಸಿದ್ಧ ಮಾಡಿಕೊಂಡು ನಿಂತಿದ್ದೆವು.

ಫಿಟ್ಟರಪ್ಪ ಹಿಂದುಗಡೆ ಹತ್ತಿದ. ಟ್ಯಾಂಕಿಯನ್ನ ತಬ್ಬಿಕೊಂಡು ಗೊಳೋ ಅಂತ ಅತ್ತ. ಅಳಿಯನ ಕೈ ಹಿಡಿದು, "ಎಣ್ಣೆ ಕಮ್ಮಿ ಮಾಡ್ಬ್ಯಾಡಪ್ಪ. ಟ್ಯಾಂಕಿ ಒಳಗೆ ನೀರು ನಿಂತ್ಕತದೆ, ಬಸೀತಾ ಇರು. ಮಳೇಗ್ ಬುಡ್ಬ್ಯಾಡ," ಅಂತ ಬಿಕ್ಕಿದ. ಅಳಿಯನೂ ಕಣ್ಣು ಒರೆಸಿಕೊಂಡ. ಲಾರಿ ಡ್ರೈವರು ಹಾರನ್ನು ಹೊಡೆದ. ಆದರೂ ಆತ ಇಳಿಯಲಿಲ್ಲ.

ಮದುಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು, "ಅಪ್ಪಾ, ನಾನೂ ಓಯ್ತಾ ಇವ್ನಿ ಕಣಪ್ಪೋ!"

ಫಿಟ್ಟರಪ್ಪ ಮೂಗು ಒರೆಸಿಕೊಂಡು, ಇಳಿದು, ಮುಂದಕ್ಕೆ ಬಂದು, ಮಗಳ ತಲೆ ಸವರಿದ.

"ಓಗ್ಬಾ ನನ್ನವ್ವ, ನೀನೂ ಜೊತೇಲಿ ಓಯ್ತಿರೋದು ಒಳ್ಳೇದಾಯ್ತು. ಅದ್ರ ಬೆಲ್ಟು ಸಡ್ಲ ಆಗ್ದಂಗೆ ನೋಡ್ಕ."