ಸಿಹಿಯನ್ನು ಕಾಶಿಯಲ್ಲಿ ಬಿಟ್ಟ ಕತೆ

ಇಂದ್ರಿಯನಿಗ್ರಹವೇ ಮಾನವಜನ್ಮದ ಪರಮ ಸಾಧನೆ. ನನ್ನನ್ನು ಆ ದಾರಿಗೆ ಹಚ್ಚಿದ್ದು ಒಂದು ಪ್ಯಾಂಟಿನ ಗುಂಡಿ. ಆಫೀಸಿನಲ್ಲಿ ಬಗ್ಗಿ ಫೈಲು ಎತ್ತುವಾಗ ಅದು ಕಿತ್ತು ಹಾರಿ ಸಾಹೇಬರ ಕಾಫಿ ಲೋಟಕ್ಕೆ ಬಿತ್ತು. ಅಂದೇ ಸಿಹಿಯನ್ನು ತ್ಯಜಿಸಿದೆ!

"ಎಷ್ಟು ದಿನಕ್ಕೆ?" ಎಂದಳು ಹೆಂಡತಿ ಶಾರದೆ.

"ಜೀವಮಾನಪರ್ಯಂತ!"

"ಸರಿ. ಭಾನುವಾರ ನಂಜುಂಡಪ್ಪನೋರ ಮನೆ ಗೃಹಪ್ರವೇಶ ಇದೆ."

ನಮ್ಮ ವಿಜಯನಗರದಲ್ಲಿ ಖಾಲಿ ಸೈಟುಗಳೆಲ್ಲ ಮನೆಗಳಾಗುತ್ತಿದ್ದ ಕಾಲ. ವಾರಕ್ಕೊಂದು ಗೃಹಪ್ರವೇಶ, ಗೃಹಪ್ರವೇಶಕ್ಕೊಂದು ಲಾಡು. ಆದರೂ ನನಗೆ ನನ್ನ ಮೇಲೆ ಪೂರ್ಣ ವಿಶ್ವಾಸವಿತ್ತು.

ಊಟಕ್ಕೆ ಕೂತೆ. ನಂಜುಂಡಪ್ಪನವರೇ ಲಾಡಿನ ತಟ್ಟೆ ಹಿಡಿದು ಬಂದರು. ಎಲೆಗೆ ಕೈ ಅಡ್ಡ ಇಟ್ಟೆ.

"ಕೈ ತೆಗೀರಿ ಸಾರ್, ಒಂದೇ ಒಂದು."

"ಬೇಡ ಸಾರ್, ತೂಕ ಇಳಿಸ್ತಾ ಇದೀನಿ."

"ನಾಳೆಯಿಂದ ಇಳಿಸಿ! ಶುಭಕಾರ್ಯದಲ್ಲಿ ಸಿಹಿ ಬೇಡ ಅಂತಾರಾ ಯಾರಾದ್ರೂ?"

ಸಾಲಿನವರೆಲ್ಲ ತಿರುಗಿ ನೋಡಿದರು. ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ಕಾಶಿಗೆ ಹೋದವರು ತಮಗಿಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರುತ್ತಾರೆ. ಆಮೇಲೆ ಅದನ್ನು ತಿನ್ನಿ ಎಂದು ಯಾರೂ ಒತ್ತಾಯ ಮಾಡುವಂತಿಲ್ಲ.

"ಸಿಹೀನ ಕಾಶೀಲಿ ಬಿಟ್ಟುಬಿಟ್ಟೆ ಸಾರ್. ಹೋದ ತಿಂಗಳು ಆಫೀಸ್ ಕೆಲಸದ ಮೇಲೆ ಉತ್ತರದ ಕಡೆ ಹೋಗಿದ್ದೆನಲ್ಲ, ಆಗ."

ಹೋಗಿದ್ದು ಗುಂತಕಲ್ಲಿಗೆ!

ಪರಿಣಾಮ ಅದ್ಭುತವಾಗಿತ್ತು. ನಂಜುಂಡಪ್ಪನವರು ತಟ್ಟೆ ಕೆಳಗಿಟ್ಟು ಕೈಮುಗಿದರು. ಅವರ ತಾಯಿ, ಎಪ್ಪತ್ತು ದಾಟಿದವರು, ಬಂದು ನನ್ನ ಕಾಲು ಮುಟ್ಟಿದರು. ನಾನು ತಡೆಯಲಿಲ್ಲ.

ನಮಸ್ಕಾರ ಮುಗಿಸಿದ ಅಜ್ಜಿ ನೇರ ಹೆಂಗಸರ ಸಾಲಿಗೆ ಹೋದರು.

"ಅಯ್ಯೋ ಶಾರದಾ! ನಿನ್ನ ಬಿಟ್ಟು ಒಬ್ನೇ ಕಾಶಿಗೆ ಹೋಗ್ಬಂದ್ನೇನೇ ನಿನ್ ಗಂಡ?"

ಕಾಶಿಯಾತ್ರೆಯನ್ನು ಗಂಡಹೆಂಡಿರು ಜೊತೆಯಾಗಿ ಮಾಡಬೇಕೆಂಬ ಸಂಗತಿ ನನಗೆ ಮರೆತೇಹೋಗಿತ್ತು. ಶಾರದೆ ಎಲೆಯಿಂದ ತಲೆಯೆತ್ತಿ ನನ್ನತ್ತ ನೋಡಿದಳು.

ಸಂಜೆಯೊಳಗೆ ಇಡೀ ಬೀದಿ ಅವಳಿಗಾಗಿ ಮರುಗಿತು. ಗಂಗಾಜಲ ಕೇಳಿಕೊಂಡು ಮೂವರು ಲೋಟ ಹಿಡಿದು ಬಂದರು. ನಾನು ನಲ್ಲಿಯತ್ತ ನೋಡಿದೆ. ಶಾರದೆ ನನ್ನತ್ತ ನೋಡಿದಳು. ಗಂಗಾಜಲ ಮುಗಿದುಹೋಗಿದೆ ಎಂದು ಅವರನ್ನು ಸಾಗಹಾಕಿದೆ.

"ನಿಜ ಹೇಳ್ಬಿಡ್ಲೇನೇ?" ಎಂದೆ.

"ಹೇಳಿ. ಹೆಂಡ್ತೀನ ಬಿಟ್ಟು ಹೋದೋನು ಅನ್ನೋದರ ಬದಲು ಲಾಡಿಗೆ ಹೆದರಿ ಸುಳ್ಳು ಹೇಳ್ದೋನು ಅಂತಾರೆ. ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ, ಅಷ್ಟೇ."

"ಮತ್ತೆ ಏನ್ಮಾಡೋದು?"

"ಕರ್ಕೊಂಡ್ ಹೋಗಿ."

ಅದೇ ಕೊನೆಯ ಮಾತು. ಆಮೇಲೆ ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಮೂರನೆಯ ದಿನ ರಜೆಗೆ ಅರ್ಜಿ ಬರೆದೆ.

ಕಾಶಿಯಲ್ಲಿ ನಾನು ಮುಳುಗಿ ಎದ್ದಾಗ, ನಮ್ಮ ಕಡೆಯವರೇ ಆದ ಪುರೋಹಿತರು ಕೇಳಿದರು: "ಏನು ಬಿಡ್ತೀರಿ?"

ಗಂಗೆಯವರೆಗೆ ನಡೆದ ಗಲ್ಲಿಯುದ್ದಕ್ಕೂ ಜಿಲೇಬಿ, ಪೇಡೆ, ಕೆನೆಗಟ್ಟಿದ ಹಾಲು ನೋಡಿಕೊಂಡು ಬಂದಿದ್ದೆ.

"ಹಾಗಲಕಾಯಿ," ಎಂದೆ, ದೃಢವಾಗಿ.

ಈಗ ಬೀದಿಯಲ್ಲಿ ಯಾರೂ ನನಗೆ ಸಿಹಿ ಬಡಿಸುವುದಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ತಿನ್ನುತ್ತೇನೆ. ತೂಕ ನಾಲ್ಕು ಕಿಲೋ ಹೆಚ್ಚಾಗಿದೆ.