ಮೂರನೇ ಕಿಟಕಿಯ ಮಾವ

ನಮ್ಮ ಮಾವ ತರಗತಿಯ ಒಳಗೆ ನಿಂತು ತಮ್ಮ ರಾಜಕೀಯ ಅಭಿಪ್ರಾಯ ಹೇಳಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಬೇಕಾದರೆ ಪ್ರಮಾಣ ಮಾಡುತ್ತೇನೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಗೋಡೆ ಸುತ್ತು ಹಾಕಿ, ಕಿಟಕಿಯ ಸರಳು ಹಿಡಿದು ನಿಂತು ಹೇಳುತ್ತಿದ್ದರು! ಪ್ರಮಾಣ ಮಾಡಲೇಬೇಕಾಗಿದ್ದ ದಿನ ನಾನು ಮಾಡಲಿಲ್ಲ ಎಂಬುದು ಬೇರೆ ಮಾತು. ಅಲ್ಲಿಗೆ ಬರಲು ನನಗೆ ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ನೀವು ನಗುವುದಿದ್ದರೆ ನಕ್ಕುಬಿಡಿ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಕನ್ನಡ ಎಂ.ಎ. ಮುಗಿಸಿ ಬಂದು ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕನಾದೆ. ಅತಿಥಿ ಶಿಕ್ಷಕ ಎಂದರೆ ಯಾರು? ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯಲಿ ಎಂದು ಈ ಜೂನ್‌ನಿಂದಲೇ ಕಂಡಕಂಡವರಿಗೆಲ್ಲ ನಮಸ್ಕಾರ ಹಾಕಿಕೊಂಡು ತಿರುಗುವ ಮನುಷ್ಯ. ನಮ್ಮ ಶಾಲೆಯ ಕಟ್ಟಡ ಮೂಲೆಯಲ್ಲಿ ತಿರುಗುತ್ತದೆ. ಹಾಗಾಗಿ ನನ್ನ ತರಗತಿಯ ಬಾಗಿಲಲ್ಲಿ ನಿಂತರೆ ಮಾವನ ತರಗತಿಯ ಮೂರನೇ ಕಿಟಕಿ ಹೊರಗಿನಿಂದ ಎದುರಿಗೇ ಕಾಣುತ್ತಿತ್ತು. ಮೊದಲನೇ ಕಿಟಕಿ ಹೆಡ್ಮಾಸ್ಟರ ಕೋಣೆಗೆ ಕಾಣುತ್ತದೆ, ಎರಡನೆಯದರ ಬಾಗಿಲು ತೆಗೆಯಲು ಬರುವುದಿಲ್ಲ. ಪ್ರಜಾಪ್ರಭುತ್ವಕ್ಕೆ ಉಳಿದದ್ದು ಮೂರನೆಯದೊಂದೇ.

ಪಾಠದ ನಡುವೆ ಯಾರಾದರೂ ಎದ್ದು, "ಸಾ, ಇದ್ರಲ್ಲಿ ನಿಮ್ಮ ಅಭಿಪ್ರಾಯ ಏನು ಸಾ?" ಎಂದು ಕೇಳಿದರೆ ಮುಗಿಯಿತು. ಮಾವ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕೈ ಕೊಡವಿ, ಕನ್ನಡಕವನ್ನು ಜೇಬಿಗೆ ಸೇರಿಸಿ ಹೊರಟುಬಿಡುತ್ತಿದ್ದರು. ಎರಡು ನಿಮಿಷದಲ್ಲಿ ಮೂರನೇ ಕಿಟಕಿಯಲ್ಲಿ ಅವರ ಮುಖ.

"ಈಗ ಮಾತಾಡ್ತಿರೋನು ನಿಮ್ಮ ಮೇಷ್ಟ್ರಲ್ಲ. ದಾರಿಲಿ ಹೋಗೋ ಅಜ್ಜ. ಬರ್ಕಬ್ಯಾಡ್ರಿ, ಪರೀಕ್ಷೆಗೆ ಬರಲ್ಲ. ನನ್ನ ಮಾತು ಸರಿ ಕಾಣ್ಲಿಲ್ಲ ಅಂದ್ರೆ ಕೈ ಎತ್ತೋದೂ ಬ್ಯಾಡ, ಕುಂತಲ್ಲೇ ಬೈರಿ."

ಮಕ್ಕಳು ಬೈಯುತ್ತಿದ್ದರು! ಮೇಷ್ಟ್ರ ಎದುರು ಬಾಯಿ ಬಿಡದ ಹುಡುಗಿಯರು ಕೂಡ ಅಜ್ಜನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಒಮ್ಮೆ ಒಂಬತ್ತನೇ ತರಗತಿಯವಳೊಬ್ಬಳು, "ಅಜ್ಜ, ಸಾಕು ಹೋಗ್ರಿ. ನಮ್ಮ ಸಾ ಬರೋ ಹೊತ್ತಾತು, ನಿಮ್ಮನ್ನ ಕಂಡ್ರೆ ಬೈತಾರೆ!" ಎಂದಳು. ಮಾವ ಗಾಬರಿ ಬಿದ್ದವರಂತೆ ತಲೆ ತಗ್ಗಿಸಿ ಓಡಿದರು. ಒಳಗೆ ಬಂದು ಕನ್ನಡಕ ಏರಿಸಿ, "ಯಾವನೋ ಬಂದಿದ್ನಂತಲ್ಲ, ಏನು ಒದರಿದ?" ಎಂದು ಕೇಳಿ, ಆ ಅಜ್ಜನ ಮಾತಿಗೆ ಎದುರಾಗಿ ಏನೇನು ಹೇಳಬಹುದೋ ಅಷ್ಟನ್ನೂ ಬೋರ್ಡಿನ ಮೇಲೆ ಬರೆದರು. ಆ ದಿನ ಮೇಷ್ಟ್ರು ಗೆದ್ದರು. ಕೆಲವು ದಿನ ಅಜ್ಜನೇ ಗೆಲ್ಲುತ್ತಿದ್ದ. ಅಂಥ ದಿನ ಸ್ಟಾಫ್ ರೂಮಿನಲ್ಲಿ ಮಾವನ ಮುಖ ನೋಡಲಾಗುತ್ತಿರಲಿಲ್ಲ!

ನಮ್ಮ ಕಡೆ ಇದಕ್ಕೆ ಮಳೆಯ ಕಾಟವಿಲ್ಲ. ಇರುವುದೆಲ್ಲ ಬಿಸಿಲಿನ ಕಾಟ. ಜುಲೈ ಗಾಳಿಯಲ್ಲಿ ಕಾಲು ಗಂಟೆ ಎಳೆಯುತ್ತಿದ್ದ ಅಭಿಪ್ರಾಯ ಮಾರ್ಚಿಗೆ ಬರುವಷ್ಟರಲ್ಲಿ ಎರಡು ವಾಕ್ಯಕ್ಕೆ ಇಳಿದಿರುತ್ತಿತ್ತು. ಆ ಎರಡು ವಾಕ್ಯವನ್ನೂ ಮಾವ ತಲೆಯ ಮೇಲೆ ಕರ್ಚೀಫ್ ಹಾಕಿಕೊಂಡು ಹೇಳುತ್ತಿದ್ದರು. ದೇಶದ ಭಾಷಣಕಾರರನ್ನೆಲ್ಲ ಒಬ್ಬೊಬ್ಬರಾಗಿ ತಂದು ಈ ಗೋಡೆಯ ಹತ್ತಿರ ನಿಲ್ಲಿಸಿದರೆ ಹೇಗೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಮ್ಮೆ ಹೀಗೆ ನಿಂತಿದ್ದಾಗ ಕಾಂಪೌಂಡಿನ ಆಚೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ಕೇಳಿದರು:

"ಯಾಕ್ ಮೇಷ್ಟ್ರೇ, ಹೋಂವರ್ಕ್ ಮಾಡಿಲ್ಲ ಅಂತ ಹುಡುಗ್ರು ಹೊರಗೆ ನಿಲ್ಸಿದಾರಾ?"

"ಹೂನಪ್ಪ. ಮೂವತ್ತು ವರ್ಷದ್ದು ಬಾಕಿ ಐತೆ."

ಮನೆಯಲ್ಲೂ ಇದೇ ಕಥೆ. ಸಾರಿಗೆ ಉಪ್ಪು ಕಡಿಮೆಯಾದರೆ ಮಾವ ತಟ್ಟೆ ಬಿಟ್ಟು ಎದ್ದು, ಹಿತ್ತಲಿಗೆ ಹೋಗಿ, ಅಲ್ಲಿಂದ ಕೂಗಿ ಹೇಳುತ್ತಿದ್ದರು. "ಉಣ್ಣೋ ಜಾಗದಾಗೆ ಕುಂತು ಅಡುಗೆ ಬೈಬಾರದು" ಎಂಬುದು ಅವರ ವಾದ. "ಹಿತ್ಲಿಂದ ಕೂಗಿದ್ರೆ ಅಕ್ಕಪಕ್ಕದೋರಿಗೆಲ್ಲ ಗೊತ್ತಾಗುತ್ತಲ್ರಿ! ಒಳಗೇ ಬೈರಿ, ನನ್ನ ಮಾನ ಉಳೀತೈತೆ" ಎಂಬುದು ಅತ್ತೆಯ ಗೋಳು. ಚುನಾವಣೆ ಡ್ಯೂಟಿಗೆ ಹಾಕಿದರಂತೂ ಮುಗಿಯಿತು. ಟೀನೋ ಕಾಫಿನೋ ಎಂದು ಕೇಳಿದವನಿಗೆ, "ಇವತ್ತು ನಾನು ಯಾವ್ದರ ಪರಾನೂ ಇಲ್ಲಪ್ಪ" ಎಂದು ಹೇಳಿ, ಇಡೀ ದಿನ ನೀರು ಕುಡಿದು ಕುಳಿತವರು ಅವರು.

ಈ ಹುಚ್ಚು ಎಲ್ಲಿಂದ ಹತ್ತಿತು? ಹೊಸದರಲ್ಲಿ ಅವರು ಮಾರಿಕಣಿವೆ ಹತ್ತಿರದ ಒಂದು ಶಾಲೆಯಲ್ಲಿದ್ದರಂತೆ. ಆಗ ಬಿಸಿ ರಕ್ತ. ತಮಗೆ ಸರಿ ಕಂಡದ್ದನ್ನೆಲ್ಲ ಬೋರ್ಡಿನ ಮುಂದೆ ನಿಂತು ಗುಡುಗುತ್ತಿದ್ದರಂತೆ. ಆ ವರ್ಷದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಇಡೀ ತರಗತಿ ಒಂದೇ ಉತ್ತರ ಬರೆದಿತ್ತು. ಅದು ಪುಸ್ತಕದ್ದಲ್ಲ, ಮಾವನದು. ನಡುನಡುವೆ ಅವರು ಆಡುತ್ತಿದ್ದ "ತಿಳೀತಾ?" ಕೂಡ ಹಾಗೇ ಬಂದಿತ್ತು! ಎಲ್ಲರಿಗಿಂತ ಚೆನ್ನಾಗಿ ಬರೆದ ಹುಡುಗಿಯನ್ನು ಕರೆದು ಹೊಗಳಿದಾಗ ಅವಳು, "ನಮ್ಮನೇಲಿ ಹಂಗೆ ಅನ್ನಲ್ಲ ಸಾ. ನಂಗೂ ಹಂಗೆ ಅನ್ಸಲ್ಲ. ನಿಮಗೆ ಇಷ್ಟ ಅಂತ ಬರ್ದೆ" ಎಂದಳಂತೆ. ಮಾರನೆಯ ದಿನದಿಂದ ಮಾವ ಕಿಟಕಿಗೆ ಹೋಗತೊಡಗಿದರು. ಇದನ್ನು ನನಗೆ ಹೇಳಿದ್ದು ಮಾವನೋ ಅತ್ತೆಯೋ ಈಗ ಖಚಿತವಿಲ್ಲ. ಆ "ತಿಳೀತಾ" ನಾನೇ ಸೇರಿಸಿದ್ದಿರಲೂಬಹುದು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೇ ಕಾಲೇಜು ದಿನಗಳಿಂದ ಡೈರಿ ಬರೆಯುತ್ತೇನೆ. ಹೀಗೆ ಅನುಮಾನಪಡುವುದು ನನ್ನ ಒಳ್ಳೆಯ ಗುಣ ಎಂದುಕೊಂಡಿದ್ದೆ. ಅದು ಎಷ್ಟು ಒಳ್ಳೆಯದು ಎಂಬುದು ಈಗ ಗೊತ್ತಾಗುತ್ತದೆ.

ಒಂದು ಮಾರ್ಚ್ ತಿಂಗಳು. ಊರಿನಲ್ಲಿ ಪಂಚಾಯಿತಿ ಚುನಾವಣೆ. ನಿಂತವರಲ್ಲಿ ಒಬ್ಬರು ನಮ್ಮ ಶಾಲಾ ಸಮಿತಿಯಲ್ಲೇ ಇದ್ದವರು. ಗೆದ್ದರೆ ಶಾಲೆಯ ಆಟದ ಬಯಲಿನಲ್ಲಿ ಸಮುದಾಯ ಭವನ ಕಟ್ಟಿಸುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಹತ್ತನೇ ತರಗತಿಯಲ್ಲಿ ಯಾರೋ ಕೇಳಿದರು. ಮಾವ ಹೊರಗೆ ಹೋದರು. ಬಿಸಿಲಿನ ಎರಡು ವಾಕ್ಯ:

"ಮಕ್ಕಳು ಆಡೋ ಜಾಗದಾಗೆ ಮದುವೆ ಊಟ ಬಡಿಸೋಕೆ ಹೊಂಟೋರಿಗೆ ನಾನಂತೂ ಓಟು ಹಾಕಲ್ಲ. ನಿಮ್ಮನೇರು ಯಾರಿಗೆ ಹಾಕ್ತಾರೋ ಅದು ಅವರ ಇಷ್ಟ, ನನ್ನ ಮಾತು ಕೇಳಿ ಯಾರೂ ಬದಲಾಗಬ್ಯಾಡ್ರಿ."

ಯಾರ ಚೀಲದಲ್ಲಿ ಮೊಬೈಲ್ ಇತ್ತೋ! ಸಂಜೆಯೊಳಗೆ ಮೊದಲನೇ ವಾಕ್ಯ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಸುತ್ತಾಡಿತು. ಬರೀ ದನಿ, ಚಿತ್ರವಿಲ್ಲ. ಎರಡನೇ ವಾಕ್ಯವನ್ನು ಯಾರೋ ಕತ್ತರಿಸಿದ್ದರು. ವಾರದೊಳಗೆ ವಿಚಾರಣೆಗೆಂದು ಮೇಲಿನ ಅಧಿಕಾರಿಯೊಬ್ಬರು ಬಂದರು. ಮೊದಲು ಮಕ್ಕಳನ್ನು ಕರೆಸಿದರು.

"ನಿಮ್ಮ ಮೇಷ್ಟ್ರು ಹಿಂಗಂದಿದ್ದು ನಿಜಾನಾ?"

"ಇಲ್ಲ ಸಾ! ನಮ್ಮ ಸಾ ಏನೂ ಅಂದಿಲ್ಲ. ದಾರಿಲಿ ಹೋಗೋ ಅಜ್ಜ ಅಂದಿದ್ದು."

"ಯಾವ ಅಜ್ಜ?"

"ಯಾವಾಗ್ಲೂ ಬರ್ತಿರ್ತಾರೆ ಸಾ. ಚೆನ್ನಾಗಿ ಮಾತಾಡ್ತಾರೆ."

"ಆಗ ನಿಮ್ಮ ಮೇಷ್ಟ್ರು ಎಲ್ಲಿರ್ತಾರೆ?"

"ಅವರು ಇರಲ್ಲ ಸಾ. ಅಜ್ಜ ಬಂದಾಗ ಒಂದಿನಾನೂ ಇದ್ದಿಲ್ಲ."

ಮಾವನನ್ನು ಉಳಿಸಲು ಮಕ್ಕಳು ಸುಳ್ಳು ಹೇಳಿದರು ಎಂದುಕೊಳ್ಳಬೇಡಿ. ಅವರಿಗೆ ಕಲಿಸಿದ್ದೇ ಹಾಗೆ. ಅಧಿಕಾರಿ ಶ್ರದ್ಧೆಯಿಂದ ಬರೆದುಕೊಂಡರು: ಪಾಠದ ವೇಳೆ ಅಪರಿಚಿತ ವೃದ್ಧನೊಬ್ಬ ಪದೇ ಪದೇ ಶಾಲೆಯ ಆವರಣ ಪ್ರವೇಶಿಸುತ್ತಾನೆ, ಆ ಸಮಯದಲ್ಲಿ ಶಿಕ್ಷಕರು ತರಗತಿಯಲ್ಲಿ ಇರುವುದಿಲ್ಲ. ಒಂದು ತಪ್ಪು ಮೂರಾಯಿತು! ಹೆಡ್ಮಾಸ್ಟರು ಬೆವರು ಒರೆಸಿಕೊಳ್ಳುತ್ತಾ, "ಸಾರ್, ಆ ಅಜ್ಜ ಯಾರು ಅಂತ ನೀವೇ ಹೇಳಿಬಿಡ್ರಿ, ನನ್ನ ಕುತ್ತಿಗೆಗೆ ಬಂದೈತೆ" ಎಂದು ಮಾವನಿಗೆ ಕೈ ಮುಗಿದರು. ಮಾವ ಎದ್ದು ನಿಂತರು.

"ಆ ಅಜ್ಜ ನಾನೇ ಸಾರ್. ಯಾವ ಶಿಕ್ಷೆ ಬೇಕಾದ್ರೂ ಬರೀರಿ, ಸಹಿ ಹಾಕ್ತೀನಿ. ಆದ್ರೆ ತರಗತಿ ಒಳಗೆ ಹೇಳಿದ್ರು ಅಂತ ಮಾತ್ರ ಬರೀಬ್ಯಾಡ್ರಿ. ಹೊರಗೆ ನಿಂತಿದ್ದೆ ಅಂತ ಬರೀರಿ. ಅಷ್ಟೇ ಸಾಕು ನಂಗೆ."

ಅಧಿಕಾರಿಗೆ ಒಳಗಾದರೇನು, ಹೊರಗಾದರೇನು? ಆದರೂ ಮುದುಕರ ಮುಖ ನೋಡಿ ಏನನ್ನಿಸಿತೋ, "ಹುಡುಗರ ಮಾತು ಬಿಡ್ರಿ. ದೊಡ್ಡೋರು ಯಾರಾದ್ರೂ ಕಂಡಿದಾರಾ?" ಎಂದರು.

ಮಾವ ನನ್ನ ಕಡೆ ನೋಡಿದರು. ಕೇಳಿಕೊಳ್ಳುವ ನೋಟವಲ್ಲ ಅದು. ಇದ್ದದ್ದನ್ನು ಹೇಳಲು ಕೇಳಿಕೊಳ್ಳುವುದೇನಿದೆ ಎಂಬ ನೋಟ. ಸಮಿತಿಯ ಆ ಮನುಷ್ಯರೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರೂ ನನ್ನನ್ನೇ ನೋಡಿದರು. ಜೂನ್‌ಗೆ ಇನ್ನು ಮೂರೇ ತಿಂಗಳಿತ್ತು.

ನಾನು ಬಿಳಿ ಹಾಳೆ ತೆಗೆದುಕೊಂಡು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ: "ಆ ದಿನದ ವಿಷಯ ನನಗೆ ಸ್ಪಷ್ಟವಾಗಿ ನೆನಪಿರುವುದಿಲ್ಲ."

ಎಷ್ಟು ಸುಲಭದ ವಾಕ್ಯ! ವ್ಯಾಕರಣದ ತಪ್ಪಿಲ್ಲ, ಯಾರಿಗೂ ನೋವಿಲ್ಲ. ಬರೆಯುವಾಗ ಒಳಗೊಳಗೇ ಅದಕ್ಕೊಂದು ನ್ಯಾಯವನ್ನೂ ಹೊಂದಿಸಿಕೊಂಡೆ: ಅವರು ಹೊರಗೆ ನಿಂತ ದಿನಗಳು ಎಷ್ಟಿಲ್ಲ, ನಾನು ಕಂಡದ್ದು ಅದೇ ದಿನ ಎಂದು ಹೇಗೆ ಹೇಳಲಿ? ಸಂಜೆ ಡೈರಿ ತೆಗೆದು ನೋಡಿದೆ. ಆ ತಾರೀಖಿನ ಪುಟದಲ್ಲಿ ಇತ್ತು: "ಬಸ್ ತಡ. ಮಾವ ಮತ್ತೆ ಕಿಟಕಿಗೆ. ವಿಪರೀತ ಬಿಸಿಲು, ತಲೆ ಮೇಲೆ ಕರ್ಚೀಫ್." ನನಗೆ ಆಶ್ಚರ್ಯವೇನೂ ಆಗಲಿಲ್ಲ. ಪುಟ ಮುಚ್ಚಿಟ್ಟೆ. ಮಾರನೆಯ ದಿನ ಅದನ್ನು ತೆಗೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

ವರದಿಯಲ್ಲಿ "ತರಗತಿಯ ಒಳಗೆ" ಎಂದೇ ಬಂತು. ನಿವೃತ್ತಿಗೆ ಒಂದೂವರೆ ವರ್ಷವಿದ್ದ ಮಾವನನ್ನು ಹೊಳಲ್ಕೆರೆ ತಾಲ್ಲೂಕಿನಲ್ಲಿ, ಹೊರಕೆರೆದೇವಪುರದಿಂದಲೂ ಆಚೆಗಿನ ಒಂದು ಹಳ್ಳಿಗೆ ಹಾಕಿದರು. ಜೂನ್‌ನಲ್ಲಿ ನನ್ನನ್ನು ಮತ್ತೆ ಕರೆದರು. ಭವನವೂ ಎದ್ದಿತು. ಅಲ್ಲಿ ನಾನೇ ಒಂದು ಮದುವೆ ಊಟ ಉಂಡು ಬಂದೆ. ಪಾಯಸ ಚೆನ್ನಾಗಿತ್ತು.

ಮಾವ ನನ್ನನ್ನು ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹಿತ್ತಲಿಗೆ ಹೋಗಿಯಾದರೂ ಕೂಗಬಹುದಿತ್ತಲ್ಲ? ಸಾಮಾನು ಕಟ್ಟುವ ದಿನ ಹಗ್ಗ ಹಿಡಿದುಕೊಂಡು ನಿಂತಿದ್ದ ನನಗೆ, "ನೆನಪಿಲ್ಲದಿದ್ರೆ ಇಲ್ಲ ಅಂತ ಬರೆಯೋದೇ ಸರಿ ಕಣಪ್ಪ" ಎಂದರು. ನಾನು ಬರೆದದ್ದನ್ನು ಅವರು ನಿಜವಾಗಿಯೂ ನಂಬಿದ್ದರೋ ಎಂಬುದು ಆಗಲೂ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಮೊನ್ನೆ, ಅವರ ಸರ್ವೀಸಿನ ಕೊನೆಯ ವಾರ, ಹೋದೆ. ಮೊದಲು ಮನೆಗೆ. ಅತ್ತೆ ನೀರು ಕೊಟ್ಟು, "ಈಗ ಸಾರಿಗೆ ಉಪ್ಪಿಲ್ಲ ಅಂತಾನೂ ಅನ್ನಲ್ಲ ಕಣಪ್ಪ. ಬೇಕಂತ್ಲೇ ಎರಡು ದಿನ ಉಪ್ಪೇ ಹಾಕ್ದಂಗೆ ನೋಡಿದೆ. ಸುಮ್ನೆ ಉಂಡು ಎದ್ದೋದ್ರು" ಎಂದರು.

ಶಾಲೆಗೆ ನಡೆದೆ. ಮಧ್ಯಾಹ್ನದ ಮೊದಲ ಪೀರಿಯಡ್ಡು. ಜಗಲಿಯ ಕಂಬದ ಮರೆಯಲ್ಲಿ ನಿಂತರೆ ಮಾವನ ದನಿ ಕೇಳುತ್ತಿತ್ತು. ಒಬ್ಬ ಹುಡುಗಿ ಎದ್ದು, "ಸಾ, ಇದ್ರಲ್ಲಿ ನಿಮ್ಮ ಅಭಿಪ್ರಾಯ ಏನು ಸಾ?" ಎಂದಳು. ನನ್ನ ಕಣ್ಣು ತಾನಾಗಿ ಬಾಗಿಲ ಬಳಿಯ ಚಪ್ಪಲಿಯ ಕಡೆ ಹೋಯಿತು.

"ಪುಸ್ತಕದಾಗೆ ಏನೈತೋ ಅದೇನಮ್ಮ. ಮುಂದಿನ ಪ್ಯಾರಾ ಓದು."

ಚಪ್ಪಲಿ ಇದ್ದಲ್ಲೇ ಇದ್ದವು.

ಇಲ್ಲಿಂದ ಮುಂದಿನದನ್ನು ನಾನು ಅದೇ ದಿನ, ವಾಪಸ್ ಬಸ್ಸಿಗೆ ಕಾಯುತ್ತಾ ಕೂತಲ್ಲೇ ಬರೆದಿಟ್ಟಿದ್ದೇನೆ. ನೆನಪಿಗೆ ಕೈಯಾಡಿಸಲು ಅವಕಾಶ ಕೊಟ್ಟಿಲ್ಲ. ಗೋಡೆ ಸುತ್ತು ಹಾಕಿ ಹೋದೆ. ಆ ತರಗತಿಗೆ ಇದ್ದದ್ದು ಎರಡೇ ಕಿಟಕಿ. ಎರಡನೆಯದರ ಸರಳು ಹಿಡಿದೆ. ಕಾದು ಸುಡುತ್ತಿತ್ತು. ಮಾವ ಇಷ್ಟು ವರ್ಷ ಇಂಥದ್ದನ್ನೇ ಹಿಡಿದು ನಿಂತಿದ್ದರೇ?

"ಸಾ," ಎಂದೆ. ಮಕ್ಕಳೆಲ್ಲ ತಿರುಗಿದರು. "ನಾನು ದಾರಿಲಿ ಹೋಗೋನು ಸಾ. ಒಂದು ಮಾತು ಹೇಳ್ಬೇಕಿತ್ತು."

ಮಾವ ನನ್ನನ್ನೇ ನೋಡಿದರು. ಸೀಮೆಸುಣ್ಣ ಮೇಜಿನ ಮೇಲಿಟ್ಟರು.

"ಹೇಳ್ರಿ," ಎಂದರು. ಹುಟ್ಟಿದಾಗಿನಿಂದ ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

"ನಮ್ಮೂರ ಶಾಲೇಲಿ ಒಬ್ಬರು ಮೇಷ್ಟ್ರಿದ್ರು. ಅವತ್ತು ಅವರು ಹೊರಗೇ ನಿಂತಿದ್ರು. ತಲೆ ಮೇಲೆ ಕರ್ಚೀಫ್ ಹಾಕ್ಕಂಡಿದ್ರು. ನಾನು ಕಂಡಿದ್ದೆ. ಕೇಳಿದಾಗ್ಲೂ ನಂಗೆ ನೆನಪಿತ್ತು."

ಮುಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ನು ತೆಗೆದಳು. ಮಾವ ಅವಳತ್ತ ಕೈ ಮಾಡಿ, "ಬರ್ಕಬ್ಯಾಡಮ್ಮ, ಇದು ಪರೀಕ್ಷೆಗೆ ಬರಲ್ಲ" ಎಂದರು. ಆಮೇಲೆ ಕಿಟಕಿಯ ಹತ್ತಿರ ಬಂದು, ಜೇಬಿನಿಂದ ಕರ್ಚೀಫ್ ತೆಗೆದು, ಮಡಿಕೆ ಬಿಚ್ಚಿ, ಸರಳಿನ ಸಂದಿಯಿಂದ ನನ್ನ ಕೈಗೆ ಕೊಟ್ಟರು.

"ತಲೆ ಮೇಲೆ ಹಾಕ್ಕಳಪ್ಪ ಅಳಿಯ, ಬಿಸಿಲು ಜಾಸ್ತಿ ಐತೆ. ಸುತ್ತಾಕ್ಕಂಡು ಬಾ. ಒಳಗೆ ಬಾ."