ಜ್ವರವಿಲ್ಲದ ಒಂದು ರಜಾ ಅರ್ಜಿ

ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಲಿಸುತ್ತೇನೆಂದು ಹೇಳಿಕೊಳ್ಳಲು ನನಗೆ ಸಂಕೋಚ. ಹೇಳಿದ ಕೂಡಲೇ ಎದುರಿಗಿದ್ದವರು ತಮಗೆ ಬರುವಷ್ಟೂ ಇಂಗ್ಲಿಷನ್ನು ನನ್ನ ಮೇಲೆ ಪ್ರಯೋಗಿಸುತ್ತಾರೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆ ಪತ್ರಿಕೆ ಅಚ್ಚಾದರೂ ಅದರ ಇಂಗ್ಲಿಷ್ ಪುಟದ ಪ್ರೂಫು ನನ್ನ ಕೈಗೇ ಬರುತ್ತದೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನನ್ನಿಂದ ಜನರಿಗೆ ಖಂಡಿತವಾಗಿ ಆದ ಉಪಕಾರ ಅದೊಂದೇ ಎಂದು ಈ ವರ್ಷ ಅನ್ನಿಸತೊಡಗಿತು. ಪರೀಕ್ಷಾ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಅಲ್ಲಿ ಪಾಠವಿಲ್ಲ, ಸೀಮೆಸುಣ್ಣವಿಲ್ಲ, ಫ್ಯಾನು ನೇರ ನೆತ್ತಿಯ ಮೇಲೆ. ವರ್ಗ ಕೋರಿ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೆ. ಒಂದು ವಾರ ನೋಡಿದ ನನ್ನ ಹೆಂಡತಿ, "ಕೊಡೋದಾದ್ರೆ ಕೊಟ್ಬುಡಿ ಕಣ್ರೀ, ದಿನಾ ಹೊತ್ಕೊಂಡು ಓಡಾಡ್ಬೇಡಿ" ಎಂದಳು. ಶುಕ್ರವಾರ ಕೊಡುವುದೆಂದು ನಿಶ್ಚಯಿಸಿದೆ.

ನನ್ನ ಬೇಸರಕ್ಕೆ ಕಾರಣವಿತ್ತು. ಮಧ್ಯಾಹ್ನದ ಇಂಗ್ಲಿಷ್ ಡಿಪ್ಲೊಮಾ ತರಗತಿಗೆ ಪ್ರತಿವರ್ಷ ರಜೆ ಕೋರಿ ಒಂದು ಅರ್ಜಿ ಬರೆಯಲು ಹೇಳುತ್ತೇನೆ. ಪ್ರತಿವರ್ಷವೂ ಇಡೀ ತರಗತಿಗೆ ಜ್ವರ ಬರುತ್ತದೆ. ಗೈಡಿನ ಮಾದರಿ ಅರ್ಜಿಯಲ್ಲಿ ಇರುವುದು ಜ್ವರ. ಒಬ್ಬರಿಗಾದರೂ ನೆಗಡಿಯಾಗಲಿ, ನಾದಿನಿಯ ಸೀಮಂತವಾಗಲಿ ಬಂದದ್ದಿಲ್ಲ. ಗುರುವಾರ ಸ್ಟಾಫ್ ರೂಮಿನಲ್ಲಿ ಕುಳಿತು ಮೂವತ್ತೆಂಟು ಜ್ವರಗಳಿಗೆ ಕೆಂಪು ಶಾಯಿಯಲ್ಲಿ ರುಜು ಹಾಕಿದೆ. ಮೂವತ್ತೊಂಬತ್ತನೆಯ ಅರ್ಜಿಯಲ್ಲಿ ಜ್ವರವಿರಲಿಲ್ಲ.

ಬರೆದವರು ನಾಗರತ್ನ. ಅಶೋಕಪುರಂನವರು, ಎರಡು ಮಕ್ಕಳ ತಾಯಿ. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ನೇರವಾಗಿ ತರಗತಿಗೆ ಬರುತ್ತಾರೆ. ಅವರ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: "ಸರ್, ಎರಡು ಬಸ್ಸು ಬದಲಿಸಿ ಬರುತ್ತೇನೆ. ನಿಮ್ಮ ಪಾಠದಲ್ಲಿ ನಿದ್ದೆ ಬರುತ್ತದೆ. ರಜೆ ಬೇಡ, ರಜೆ ಹಾಕಿದರೆ ಪಾಠ ತಪ್ಪುತ್ತದೆ. ಹತ್ತು ನಿಮಿಷ ಮಲಗಲು ಅನುಮತಿ ಕೊಡಿ. ಆಮೇಲೆ ದಯವಿಟ್ಟು ಎಬ್ಬಿಸಿ." ಸಾಲಿಗೆರಡು ತಪ್ಪಿದ್ದವು. ಆದರೆ ಯಾರದೋ ಅರ್ಜಿಯಲ್ಲ, ಅವರದೇ. ನನಗಾದ ಸಂತೋಷಕ್ಕೆ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪಕ್ಕದ ಸಹೋದ್ಯೋಗಿ, ಇರುವೆ ಕಚ್ಚಿತೇ ಎಂದು ವಿಚಾರಿಸಿದರು.

ಮರುದಿನ ತರಗತಿಯಲ್ಲಿ ಕೇಳಿದೆ, "ನಾಗರತ್ನ ಅವರೇ, ನೀವು ಗೈಡು ನೋಡಲಿಲ್ಲವೇ?"

"ನೋಡ್ದೆ ಸಾರ್. ಅದ್ರಲ್ಲಿ ಬರೀ ಜ್ವರಾನೇ ಇತ್ತು. ಇಂಗ್ಲಿಷ್‌ನಲ್ಲಿ ಸುಳ್ಳು ಹೇಳೋ ಅಷ್ಟು ನಾನಿನ್ನೂ ಕಲ್ತಿಲ್ಲ."

ತರಗತಿಯೆಲ್ಲ ನಕ್ಕಿತು. ಅವರಿಗೆ ಹತ್ತು ನಿಮಿಷ ಕೊಟ್ಟೆ. ಉಳಿದವರಿಗೆ, ಗೈಡು ಮುಚ್ಚಿ ತಮಗೆ ನಿಜವಾಗಿ ಬೇಕಾದ ರಜೆಗೆ ಮತ್ತೊಂದು ಅರ್ಜಿ ಬರೆಯಲು ಹೇಳಿದೆ. ಜ್ವರ ಒಮ್ಮೆಗೇ ಇಳಿಯಿತು. ಒಬ್ಬನಿಗೆ ಗೆಳೆಯನ ಹೊಸ ಬೈಕು ನೋಡಬೇಕಿತ್ತು. ಒಬ್ಬಳಿಗೆ ಸುಮ್ಮನೆ ಮನೆಯಲ್ಲಿ ಕೂರಬೇಕಿತ್ತು.

ಸಂಜೆ ಕಚೇರಿಯ ಬಾಗಿಲಲ್ಲಿ ನಿಂತು ನನ್ನ ಅರ್ಜಿಯನ್ನು ಹೊರತೆಗೆದೆ. "ನಿರಂತರ ಅನಾರೋಗ್ಯದ ನಿಮಿತ್ತ" ಎಂದಿತ್ತು. ಹಿಂದೆ ವರ್ಗವಾಗಿ ಹೋದ ಒಬ್ಬರ ಅರ್ಜಿಯಿಂದ ಇಳಿಸಿಕೊಂಡದ್ದು. ನಾನೋ ಬೆಳಿಗ್ಗೆ ಆರು ಇಡ್ಲಿ ತಿಂದು ಬಂದವನು. ನಿಜವಾದ ಕಾರಣವನ್ನೇ ಬರೆಯೋಣವೆಂದು ಬೆಂಚಿನ ಮೇಲೆ ಕುಳಿತು ಪೆನ್ನು ತೆಗೆದೆ. ಅರ್ಧ ಗಂಟೆಯಾದರೂ ಒಂದು ಸಾಲೂ ಬರಲಿಲ್ಲ. ಕಾಗದ ಹರಿದು ಮನೆಗೆ ಬಂದೆ.

"ಅರ್ಜಿ ಕೊಟ್ರಾ?" ಎಂದಳು ಹೆಂಡತಿ.

"ಇಲ್ಲ," ಎಂದೆ, "ಬರೆಯುವಷ್ಟು ಇಂಗ್ಲಿಷ್ ಬರಲಿಲ್ಲ."